ಮುಂದಿನದು ನಿನ್ನದು

ಕಜಾಲಿ,
ಸೆಪ್ಟೆಂಬರ್ 18, 1988

ಪ್ರೀತಿಯ ಅಮ್ಮ,

ಸಲಾಂ. ಮೊಣಕಾಲು ನೋವು ಹೇಗಿದೆ? ನಾನು ಕೊಟ್ಟ ಒಂಟೆ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಬೈಯಲೇಬೇಕಾದರೆ ಬೇರೆ ಕಾರಣ ಕೊಡುತ್ತೇನೆ. ಹೋದ ಸಲ ನಮ್ಮ ರೈಲು ನಿಮ್ಮೂರು ಶಿಯೇಲಿಯಲ್ಲಿ ನಿಂತಾಗ ನೀನು ಕರಬೂಜ ಅವುಚಿಕೊಂಡು ಕುಂಟುತ್ತ ನನ್ನ ಬೋಗಿ ಹುಡುಕುತ್ತಿದ್ದೆ. ಪರದೆ ಸಂದಿಯಿಂದ ಎಲ್ಲ ಕಾಣಿಸಿತು. ನಿನ್ನ ಮುಖ ಕಂಡರೆ ಅತ್ತುಬಿಡುತ್ತೇನೆಂದು ನಾನು ಇಳಿಯಲಿಲ್ಲ. "ನಿಮ್ಮ ಮಗಳಿಗೆ ಜ್ವರ, ಮಲಗಿದಾಳೆ" ಅಂತ ಜತೆಯವಳು ಹೇಳಿದ್ದು ನಾನು ಹೇಳಿಕೊಟ್ಟ ಸುಳ್ಳು. ಕರಬೂಜ ಸಿಹಿಯಾಗಿತ್ತಂತೆ. ಪ್ರಯಾಣಿಕರಿಗೆ ಹಂಚಿಬಿಟ್ಟೆ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಮೊಮ್ಮಗ ಅಲ್ದಿಯಾರ್ ನಡೆಯುತ್ತಿದ್ದಾನೆ! ಕಾಲಿಗೆ ಕರಿ-ಬಿಳಿ ದಾರ ಕಟ್ಟಿ ಕತ್ತರಿಸುವ ಶಾಸ್ತ್ರವನ್ನು ಹೋದ ತಿಂಗಳೇ ಮಾಡಿದೆವು. ಮೊಣಕಾಲಿನ ನೆಪ ಹೇಳಿ ನೀನು ಬರಲಿಲ್ಲ. ಬಂದಿದ್ದರೆ ನೋಡುತ್ತಿದ್ದೆ.

ನಿನಗೆ ನೆನಪಿದೆಯಲ್ಲ, ಇವನು ಹುಟ್ಟಿದಾಗ ನಾನು ಕೆಲಸ ಬಿಡಲೋ ಬೇಡವೋ ಎಂದು ಎಷ್ಟು ಒದ್ದಾಡಿದೆ? ತಾಷ್ಕೆಂಟಿನಿಂದ ಮಾಸ್ಕೋವರೆಗೆ ಬೋಗಿ ಕಾಯುವವಳು ಒಮ್ಮೆ ಹೊರಟರೆ ವಾರ ಕಳೆದು ಮನೆ ಸೇರಬೇಕು. ಹಸುಗೂಸನ್ನು ಬಿಟ್ಟು ಹೇಗೆ ಹೋಗುವುದು? ಅತ್ತೆಯೇ ಗದರಿದರು: "ಅಯ್ಯೋ ಹುಚ್ಚಿ, ಸಿಕ್ಕಿರೋ ಕೆಲಸ ಯಾರಾದ್ರೂ ಬಿಡ್ತಾರಾ? ನಾನೇನು ಸತ್ತಿದೀನಾ? ಟೋಪಿ ಹಾಕ್ಕೊಂಡು ಹೊರಡು ನೀನು." ತೊಲೆಗೆನ್ ತಾನೇ ನನ್ನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಕೊಟ್ಟ. ಯಾವ ಗಂಡ ಹಾಗೆ ಮಾಡುತ್ತಾನೆ ಹೇಳು! ಪಕ್ಕದ ಮನೆಯ ಸೊಸೆಯರು ಹಿಟ್ಟು ನಾದಿ, ಚಹಾ ಕಾಯಿಸುವ ಸಮೋವರ್ ಹೊತ್ತು ಸವೆಯುತ್ತಿದ್ದರೆ ನನ್ನ ಅತ್ತೆ ನನ್ನನ್ನು ನಿಲ್ದಾಣದವರೆಗೆ ಬಂದು ಬೀಳ್ಕೊಡುತ್ತಿದ್ದರು. ರೈಲಿನ ಕಕ್ಕಸಿನಲ್ಲಿ ನಿಂತು ಎದೆಹಾಲು ಹಿಂಡಿ ಚೆಲ್ಲುವಾಗಲೂ, ಎಂಥ ಅದೃಷ್ಟವಂತೆ ನಾನು ಅಂದುಕೊಳ್ಳುತ್ತಿದ್ದೆ. ಪೆದ್ದಿ! ಶುದ್ಧ ಪೆದ್ದಿ!

ಶಾಸ್ತ್ರದ ದಿನ ದಾರ ಕತ್ತರಿಸಿದ ಕೂಡಲೇ ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿದೆ. ಹೆಂಗಸರೆಲ್ಲ "ಹೋಗು ಮರಿ, ಅಮ್ಮನ ಹತ್ರ ಓಡು!" ಅಂತ ಕೂಗಿದರು. ಅವನು ತಟ್ಟಾಡುತ್ತ ನನ್ನ ಪಕ್ಕದಿಂದಲೇ ಹಾದು ಹೋಗಿ ಅತ್ತೆಯ ಲಂಗ ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಪ, ಮಗುವಿಗೇನು ಗೊತ್ತು ಎಂದು ನಾನೂ ತಟ್ಟಿದೆ. ಆಗ ಅತ್ತೆ ಅವನನ್ನು ಎತ್ತಿಕೊಂಡು ನನ್ನ ಕಡೆ ಬೆರಳು ಮಾಡಿದರು: "ನೋಡೋ ಪುಟ್ಟ, ಅಕ್ಕ ಕೈ ಚಾಚ್ಕೊಂಡು ಕೂತೇ ಇದಾಳೆ. ಅಕ್ಕಂಗೂ ಒಂದು ಮುತ್ತು ಕೊಡು."

ಯಾರೂ ನಗಲಿಲ್ಲ, ಅಮ್ಮ. ತಮಾಷೆಯಾಗಿದ್ದರೆ ಒಬ್ಬರಾದರೂ ನಗುತ್ತಿದ್ದರು.

ನೆಂಟರು ಹೋದ ಮೇಲೆ ತೊಲೆಗೆನ್‌ನನ್ನು ಹಿಡಿದು ಕೇಳಿದೆ. "ಚೊಚ್ಚಲು ಮಗು ಅಜ್ಜಿಗೆ ಸೇರಿದ್ದು, ನಿಂಗೊತ್ತಿಲ್ವಾ? ಅಪ್ಪ ಹೋದ್ಮೇಲೆ ಅಮ್ಮ ಒಂಟಿ. ನಮ್ಮ ಮದುವೆಗೆ ಮುಂಚೆನೇ ಮಾತು ಕೊಟ್ಟಿದ್ದೆ" ಅಂದ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಪ್ತಿದ್ದೆಯಾ?"

"ಹಾಗಾದ್ರೆ ಆ ಇಸ್ತ್ರಿ ಗಿಸ್ತ್ರಿ ಎಲ್ಲಾ ಇದಕ್ಕೇನಾ?"

ಅವನು ತಲೆ ತಗ್ಗಿಸಿ ಬಟ್ಟಲು ಒರೆಸಿದ್ದನ್ನೇ ಒರೆಸಿದ. ಆಮೇಲೆ ಮೆಲ್ಲಗೆ, "ಅಳ್ಬೇಡ ಕಣೇ. ಮುಂದಿನದು ನಿನ್ನದು" ಅಂದ. ಮುಂದಿನದು ನನ್ನದಂತೆ! ಸಂತೆಯಲ್ಲಿ ಕುರಿಮರಿ ಹಂಚಿಕೊಂಡ ಹಾಗೆ.

ಆ ಮಾತು ಕೇಳಿದ ಮೇಲೂ ಎರಡು ಸುತ್ತು ರೈಲಿಗೆ ಹೋದೆ. ನನಗೆ ಆ ಕೆಲಸ ಇಷ್ಟ, ಅಮ್ಮ. ಇದ್ದಿಲ ಹೊಗೆ, ಬೆಳಗಿನ ಚಹಾ, "ತಂಗೀ, ಅರಲ್ ಬಂತಾ?" ಎಂದು ಕೇಳುವ ಮುದುಕರು, ಎಲ್ಲವೂ ಇಷ್ಟ. ಆದರೆ ಒಂದೊಂದು ನಿಲ್ದಾಣ ದಾಟಿದಾಗಲೂ ಮಗುವನ್ನು ನಾನೇ ಕೈಯಾರೆ ಕೊಟ್ಟು ಬರುತ್ತಿದ್ದೇನೆ ಅನ್ನಿಸುತ್ತಿತ್ತು. ನಿನ್ನೆ ಟೋಪಿ, ಬಾವುಟ ಒಪ್ಪಿಸಿ ಬಂದೆ.

ಅತ್ತೆ ಕೆಂಡವಾದರು. "ಈಗ ಕೆಲಸ ಬಿಟ್ಟು ಏನ್ ಮಾಡ್ತೀಯ? ಒಂದು ಮಗು ಹಿಂದೆ ಇಬ್ರು ಹೆಂಗಸ್ರು ಓಡ್ಬೇಕಾ?"

"ಓಡೋಣ ಅತ್ತೆ. ನಿಮ್ಗೇ ಮೊದಲು ಸುಸ್ತಾಗೋದು" ಅಂದೆ. ಬಾಯಿ ಜೋರು ಮಾಡಿದೆ, ಅಷ್ಟೆ. ಅಲ್ದಿಯಾರ್ ಇನ್ನೂ ಅವರ ಮಗ್ಗುಲಲ್ಲೇ ಮಲಗುತ್ತಾನೆ. ನಾನು ಎತ್ತಿಕೊಂಡರೆ ಅವರಿಗಾಗಿ ಅಳುತ್ತಾನೆ. ಆದರೂ ಇವತ್ತು ನನ್ನ ಕೈಯಿಂದ ಎರಡು ತುತ್ತು ತಿಂದ.

ನಿನಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥವಾದೀತು? ನೀನೂ ಅಜ್ಜಿಯ ಮಗಳಾಗಿ ಬೆಳೆದವಳು. ಹೆತ್ತವಳನ್ನು ಅಕ್ಕ ಎಂದು ಕರೆದವಳು. ಸಾಯುವ ತನಕ ಆ ಅಕ್ಕ ನಿನ್ನ ತಲೆ ಬಾಚಲು ಏನಾದರೊಂದು ನೆಪ ಹುಡುಕಿಕೊಂಡು ಬರುತ್ತಿದ್ದಳೆಂದು ನೀನೇ ಹೇಳಿ ಅತ್ತಿದ್ದೆ.

ಇನ್ನು ಕರಬೂಜ ಹಿಡಿದು ನಿಲ್ದಾಣಕ್ಕೆ ಬರಬೇಡ, ಆ ರೈಲಿನಲ್ಲಿ ನಾನಿರುವುದಿಲ್ಲ. ಚಳಿ ಬರುತ್ತಿದೆ, ಸೌದೆ ಈಗಲೇ ಹಾಕಿಸಿಕೊ. ದೇವರು ನಿನಗೆ ಆಯುಸ್ಸು ಕೊಡಲಿ.

ನಿನ್ನ ಮಗಳು,
ಬಾಲ್ಜಾನ್

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಜಗಳದ ಕೊನೆಗೆ ಅತ್ತೆ ಹೇಳಿದರು: "ನನ್ನೊಬ್ಬಳನ್ನೇ ಯಾಕೆ ಬೈತೀಯ? ನಿಮ್ಮಮ್ಮನ್ನೇ ಕೇಳು. ತೊಟ್ಟಿಲು ತಂದ ದಿನ ನನ್ನ ಕೈ ಹಿಡ್ಕೊಂಡು, 'ಚೊಚ್ಚಲು ನಿಮ್ಮದೇ ಬೀಗತಿ, ಅವಳಿಗೆ ಈಗಲೇ ಹೇಳ್ಬೇಡಿ' ಅಂದವಳು ಅವಳೇ." ಅದೇ ದಿನ ಒಲೆ ಮುಂದೆ ಕೂತು ನಾನು ನಿನ್ನನ್ನು ಕೇಳಿದ್ದೆ, ಕೆಲಸ ಬಿಟ್ಟುಬಿಡಲಾ ಅಮ್ಮ ಅಂತ. "ಬಿಡ್ಬೇಡ ಕಣೇ, ಇಂಥ ಅತ್ತೆ ಯಾರಿಗೆ ಸಿಗ್ತಾಳೆ" ಎಂದು ನನ್ನ ತಲೆ ಸವರಿದೆ. ಮಗುವನ್ನು ಕೊಟ್ಟು ಬಂದ ಕೈಯಿಂದಲೇ ಸವರಿದೆಯಾ, ಇಲ್ಲ ಸವರಿದ ಮೇಲೆ ಹೋಗಿ ಕೊಟ್ಟೆಯಾ? ಇದೊಂದನ್ನು ಬರೆದು ತಿಳಿಸು, ಅಕ್ಕ.