ತಣ್ಣಗಿನ ಬ್ರೇಕು

ಅಕ್ಟೋಬರ್ ೨೧, ತಾಂಪೆರೆ

ಪಕ್ಕದ ಮನೆಯ ಹಿಲ್ಕಾ ಅಜ್ಜಿಯ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಬೆಳಿಗ್ಗೆ ನಮ್ಮ ಬೀದಿಯ ತಿರುವಿನಲ್ಲಿ ಕೋಲೂರಿಕೊಂಡು ರಸ್ತೆ ದಾಟುತ್ತಿದ್ದರು. ನಾನು ಬ್ರೇಕ್ ಒತ್ತಿದೆ. ಮೂವತ್ತು ವರ್ಷದ ನನ್ನ ಮುದ್ದಿನ ಕಾರು ನಿಲ್ಲಲೇ ಇಲ್ಲ. ರಸ್ತೆ ಒಣಗಿಯೇ ಇತ್ತು, ಮಂಜಿನ ನೆಪವೂ ಇಲ್ಲ. ಹೋದ ವಾರ ಹಾಕಿಸಿದ ರೇಸಿನ ಬ್ರೇಕ್ ಪ್ಯಾಡು ಚೆನ್ನಾಗಿ ಕಾದ ಮೇಲೆ ಮಾತ್ರ ಹಿಡಿಯುತ್ತದೆ. ಚಳಿಯಲ್ಲಿ ಸಾಬೂನಿನಂತೆ ಜಾರುತ್ತದೆ. ಗೊತ್ತಿದ್ದೇ ಹಾಕಿಸಿದ್ದೆ, ಗೆಳೆಯರು ಚಕ್ರದೊಳಗೆ ಬಗ್ಗಿ ನೋಡಲಿ ಎಂದು. ಕಾರು ಕೊನೆಗೆ ನಿಂತದ್ದು ಆ ಕೋಲಿನಿಂದ ಒಂದು ಗೇಣು ದೂರದಲ್ಲಿ.

"ತಪ್ಪು ನಂದೇ ಕಣಪ್ಪಾ, ಈಗೀಗ ನಡಿಗೆ ನಿಧಾನ ಆಗ್ಬಿಟ್ಟಿದೆ" ಅಂದರು.

ನಾನು ಹೌದೆಂಬಂತೆ ತಲೆಯಾಡಿಸಿದೆ.

ಸಂಜೆ ಗ್ಯಾರೇಜಿನಲ್ಲಿ ಹಳೇ ಕಾರಿನ ಹುಚ್ಚಿನ ಗೆಳೆಯರೆಲ್ಲ ಸೇರಿದ್ದೆವು. ತಾಯಿಸ್ತೋ ಕಾಫಿ ಬಗ್ಗಿಸುತ್ತ ಕೆಣಕಿದ. "ಏನಯ್ಯಾ, ನಿನ್ನ ಹೊಸ ಪ್ಯಾಡು ದಿನದ ಓಡಾಟಕ್ಕೂ ಆಗುತ್ತೋ, ಇಲ್ಲಾ ಬರೀ ಜಂಬಕ್ಕೋ?"

ಎಲ್ಲರೂ ನಕ್ಕರು. ಅವನು ಮಾತ್ರ ಉತ್ತರಕ್ಕೆ ಕಾದ.

"ಮುಟ್ಟಿದ್ರೆ ಸಾಕು, ನಿಲ್ಲುತ್ತೆ" ಅಂದೆ.

"ಹಂಗಾದ್ರೆ ಏರಿಕಾ ಓಡಿಸೋ ಗಾಡಿಗೂ ನಾಳೆ ಅದನ್ನೇ ಹಾಕಿಸ್ತೀನಿ ಬಿಡು. ಮಗಳು ಈಗಷ್ಟೇ ಓಡಿಸೋಕೆ ಕಲ್ತಿದಾಳೆ, ನಂಗೆ ಒಳಗೊಳಗೇ ಭಯ."

ಆಗಲೂ ತಲೆಯಾಡಿಸಿದೆ.

ಫೋನು ಪಕ್ಕದಲ್ಲೇ ಇದೆ. ತಾಯಿಸ್ತೋ ಇನ್ನೂ ಮಲಗಿರುವುದಿಲ್ಲ. ಪ್ಯಾಡಿನ ನಿಜ ಹೇಳಲು ಹೋದರೆ ಅಜ್ಜಿಯ ವಿಷಯವೂ ಬಾಯಿಗೆ ಬರುತ್ತದೆ. ಇಷ್ಟು ಬರೆಯುವಷ್ಟು ಹೊತ್ತೂ ಮೇಜಿನ ಕೆಳಗೆ ನನ್ನ ಬಲಗಾಲು ನೆಲವನ್ನು ಒತ್ತುತ್ತಲೇ ಇದೆ, ಒತ್ತುತ್ತಲೇ ಇದೆ.