‘ಇಬ್ಬರೂ ಕೂಡೇ’ ಅನ್ನೋ ಖಾತೆ

ಮಾಸೂರು
ಗುರುವಾರ, ತಾ. 28-11-2024

ನಮ್ಮ ಮನಿಯವರಿಗೆ ಶೈಲಾ ಮಾಡುವ ನಮಸ್ಕಾರ.

ಆರಾಮ ಅದೀರಿಲ್ರಿ? ಸೊಂಟ ನೋವು ಹೆಂಗೈತಿ? ದಿನಾ ಆ ಭತ್ತ ಕೊಯ್ಯೋ ಮಷಿನ್ ಮ್ಯಾಲೆ ಕುಂತು ಕುಂತು ಜಾಸ್ತಿ ಆಗಿರಬೇಕು. ಮುಖಕ್ಕ ಟಾವೆಲ್ ಕಟಗೋರಿ, ಧೂಳಿ ಮೂಗಿನ್ಯಾಗ ಹ್ವಾದ್ರ ನಿಮಗ ಕೆಮ್ಮು ಬರತೈತಿ. ಕಾರಟಗಿ ರೂಮಿನ್ಯಾಗ ಮೂರೂ ಹೊತ್ತು ಅನ್ನಾನ ಉಣ್ಣಾಕತ್ತಿದ್ರ ಮಷಿನ್ ಮಾಲಕ ಮೈಲಾರಪ್ಪಗ ಹೇಳ್ರಿ, ಒಂದು ಹೊತ್ತರ ರೊಟ್ಟಿ ಸಿಗೋ ಖಾನಾವಳಿ ನೋಡ್ಲಿ. ಇಲ್ಲಿ ಅತ್ತಿಯವ್ರು, ನಾನು, ಎಮ್ಮಿ ಮೂರೂ ಮಂದಿ ಆರಾಮ ಅದೇವಿ. ಇಷ್ಟು ಕೇಳೋದು ನನ್ನ ಧರ್ಮ, ಕೇಳೇನಿ. ಇನ್ನ ಬೈಯಾಕ ಚಾಲೂ ಮಾಡ್ತೇನಿ.

ಮೂರು ದಿನದಿಂದ ನಿಮ್ಮ ಫೋನ್ ಎತ್ತಿಲ್ಲ, ಎತ್ತೂದೂ ಇಲ್ಲ. ಫೋನಿನ್ಯಾಗ ನೀವು ನಕ್ಕು ಬಿಡ್ತೀರಿ, ನನ್ನ ಸಿಟ್ಟು ಅಲ್ಲೇ ಇಳದು ಹೋಗತೈತಿ. ಈ ಸಲ ಇಳಸಾಕ ನಾ ತಯಾರಿಲ್ಲ. ಅದೂ ಅಲ್ದ ಈ ಲಕೋಟಿ ಒಳಗ ಬ್ಯಾಂಕಿನ ಫಾರ್ಮ್ ಇಟ್ಟೇನಿ, ಅದಕ್ಕ ನಿಮ್ಮ ಕೈಲೇ ಪೆನ್ನಿಲೇ ಸಹಿ ಬೀಳಬೇಕು. ಯಾಕ ಬೀಳಬೇಕು ಅನ್ನೋದನ್ನ ಸಮಾಧಾನದಲೆ ಓದ್ರಿ, ನಡಬರಕ ಮಡಚಿ ಕಿಸೆದಾಗ ಇಟ್ಗೋಬ್ಯಾಡ್ರಿ.

ಹಿರೇಕೆರೂರಿನ ಟೇಲರ್ ನುಜಹತ ಗೊತ್ತಲ್ಲ, ನನಗ ಕಟಿಂಗ್ ಕಲಿಸಿದಾಕಿ. ಆಕಿ ಸವಣೂರಿನ್ಯಾಗ ಮಗಳ ಹಂತೇಕ ಇರಾಕ ಹೊಂಟಾಳ. ತನ್ನ ಪೀಕೊ ಮಷಿನ್ ಒಂಬತ್ತು ಸಾವಿರಕ್ಕ ನನಗ ಕೊಡ್ತೇನಿ ಅಂದಾಳ. ಸೀರಿ ಅಂಚಿಗೆ ಪೀಕೊ ಹಾಕಸಾಕ ಈ ಊರಿನ ಹೆಣಮಕ್ಕಳು ಇಷ್ಟು ದಿನ ಬಸ್ ಹತ್ತತಿದ್ರು, ಇನ್ನ ನಮ್ಮ ಹೊಸ್ತಿಲಕ್ಕ ಬರ್ತಾರ ಅಂತ ನಾ ಹಿಗ್ಗಿಲೇ ಸೋಮವಾರ ಬ್ಯಾಂಕಿಗೆ ಹ್ವಾದೆ. ಖಾತೆದಾಗ ಹದಿನಾಲ್ಕು ಸಾವಿರ ಐತಿ. ಅಷ್ಟೂ ನಾ ಜಂಪರ ಹೊಲದು ತುಂಬಿದ್ದು, ನಿಮ್ಮ ಪಗಾರ ಇನ್ನ ಸೀಜನ್ ಮುಗದ ಮ್ಯಾಲೆ. ಕೌಂಟರಿನ ಮೇಡಂ ನನ್ನ ಸ್ಲಿಪ್ ನೋಡಿ, ‘ಇದರಾಗ ನಿಮ್ಮ ಯಜಮಾನರ ಸಹಿ ಎಲ್ಲೈತ್ರಿ?’ ಅಂದ್ರು. ಹಿಂದ ಪಾಳೇಕ ನಿಂತವರೆಲ್ಲಾ ನನ್ನ ಮಾರಿ ನೋಡಿದ್ರು. ಅಂಗೈಯಾಗ ಬೆಣ್ಣಿ ಇಟಗೊಂಡು ಊರೆಲ್ಲಾ ತುಪ್ಪಕ್ಕ ತಿರುಗಿದ್ರಂತ, ಹಂಗಾತು ನನ್ನ ಬಾಳೇವು. ಮೇಡಂದು ಏನೂ ತಪ್ಪಿಲ್ಲ. ತಪ್ಪೆಲ್ಲಾ ನಿಮ್ಮದು.

ಖಾತೆ ತಗಿಸಿದ ದಿನ ನೆನಪೈತಿಲ್ರಿ? ದೀಪಾವಳಿ ಇನ್ನ ಎಂಟು ದಿನ ಇತ್ತು. ನೀವು ಇಸ್ತ್ರಿ ಅಂಗಿ ಹಾಕ್ಕೊಂಡಿದ್ರಿ, ನಾನು ಮದವಿ ಸೀರಿ ಉಟಗೊಂಡಿದ್ದೆ, ಬೀಗರ ಮನಿಗೆ ಹೊಂಟಂಗ ಹೊಂಟಿದ್ವಿ. ಇದ ಮೇಡಂ ಫಾರ್ಮ್ ಓದಿ, ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕಿ ಉಳಿದವರು’ ಅಂತ ಹಾಕ್ಲೇನು ಅಂತ ಕೇಳಿದ್ರು. ನಿಮ್ಮ ಮಾರಿ ಕಪ್ಪಾತು. ‘ಒಳ್ಳೇ ದಿನ ಇಂಥಾ ಅಪಶಕುನದ ಮಾತು ಬ್ಯಾಡ್ರಿ, ಇಬ್ಬರೂ ಕೂಡೇ ಅಂತ ಐತೆಲ್ಲ, ಅದಕ್ಕ ಟಿಕ್ ಹಾಕ್ರಿ’ ಅಂದ್ರಿ. ಆ ತಾಯಿ ಎರಡೆರಡು ಸಲ ಹೇಳಿದ್ರು, ಒಬ್ಬರು ಊರಾಗಿಲ್ಲಂದ್ರ ಇನ್ನೊಬ್ಬರಿಗೆ ಒಂದು ರೂಪಾಯಿ ತಗಿಯಾಕ ಬರಂಗಿಲ್ಲ, ಕಾರ್ಡೂ ಕೊಡಂಗಿಲ್ಲ ಅಂತ. ‘ನಾವು ಎಲ್ಲಿ ಹ್ವಾದ್ರೂ ಜೋಡಿ ರೀ’ ಅಂದ್ರಿ. ಸುಳ್ಳ ಯಾಕ ಹೇಳ್ಲಿ, ನನಗೂ ಆವಾಗ ಖುಷಿ ಆಗಿತ್ತು, ಬಸ್ಸಿನ್ಯಾಗ ಮಾಸೂರ ಬರೂತನಕಾ ಆ ಮಾತ ನೆನಸಿಗೊಂಡು ಕುಂತಿದ್ದೆ. ಹದಿನೈದು ದಿನಕ್ಕ ಜೋಡಿಯವರು ಮಷಿನ್ ಹತ್ತಿ ಕಾರಟಗಿಗೆ ಹ್ವಾದ್ರಿ.

ಇಷ್ಟಕ್ಕ ಆಗಿದ್ರ ನಾ ಬೈದು ಸುಮ್ಮನಾಗತಿದ್ದೆ. ಸೋಮವಾರ ಮನಿಗೆ ಬಂದು ‘ಉಳಿದವರು’ ಅನ್ನೋ ಆ ಶಬ್ದಕ್ಕೂ ನಿಮಗೂ ಕೂಡೇ ಬೈಯಾಕ ಹತ್ತಿದಾಗ ಅತ್ತಿಯವ್ರು ಕಟ್ಟಿ ಮ್ಯಾಲೆ ಅವರಿಕಾಯಿ ಸುಲಿಯಾಕತ್ತಿದ್ರು. ತಲಿ ಎತ್ತಲಿಲ್ಲ. ‘ಉಳಿದಾಕಿ ನಾನ ಕುಂತೇನಲ್ಲವಾ ಈ ಮನ್ಯಾಗ. ಆ ಶಬ್ದ ಅಷ್ಟು ಕೆಟ್ಟದ್ದಿದ್ರ ನನ್ನ ಕೈಯಾನ ರೊಟ್ಟಿ ಅಂವ ದಿನಾ ಹೆಂಗ ತಿಂತಿದ್ದ?’ ಅಂದ್ರು. ಅಷ್ಟಂದು ಮತ್ತ ಕಾಯಿ ಸುಲದ್ರು.

ಆಮ್ಯಾಲೆ ನನಗ ಒಂದೊಂದಾ ನೆನಪಾತು. ಅವತ್ತ ನೀವು ಪಾಸ್‌ಬುಕ್ ತಂದು ದೇವರ ಜಗಲಿ ಮ್ಯಾಲೆ ಇಟ್ಟಾಗ ಅತ್ತಿಯವ್ರು ಸೆರಗಿಗೆ ಕೈ ಒರಸಿಗೊಂತ ಬಂದು ಮುಟ್ಟಾಕ ಹ್ವಾದ್ರು. ‘ಅವ್ವಾ, ನೀ ತಡಿ, ಮೊದಲ ಶೈಲಾ ಕುಂಕುಮ ಹಚ್ಚಲಿ’ ಅಂದ್ರಿ. ನಗನಗತಾನ ಅಂದ್ರಿ. ಮ್ಯಾಲೆ ಬ್ಯಾಂಕಿನ್ಯಾಗ ‘ಉಳಿದವರು’ ಅನ್ನೋದನ್ನ ಹೆಂಗ ತಪ್ಪಿಸಿದೆ ಅಂತ ದೊಡ್ಡಸ್ತಿಕಿ ಬ್ಯಾರೆ. ಅತ್ತಿಯವ್ರು ಕೈ ಹಿಂದಕ್ಕ ತಗೊಂಡು ಎಮ್ಮಿಗೆ ನೀರು ಇಡಾಕ ಹ್ವಾದ್ರು. ನಾ ಭರಣಿ ತಗದು ಕುಂಕುಮ ಹಚ್ಚಿದೆ, ನನಗೂ ಬುದ್ಧಿ ಇರಲಿಲ್ಲ.

ಹನ್ನೊಂದು ವರ್ಷದ ಹಿಂದ ಮಾವನವ್ರು ತೀರಿಕೊಂಡಾಗ ಖಾತೆ ಅವರೊಬ್ಬರ ಹೆಸರಿಲೆ ಇತ್ತು. ಆ ರೊಕ್ಕ ಕೈಗೆ ಬರಾಕ ಏಳು ತಿಂಗಳು ಅತ್ತಿಯವ್ರು ಹಿರೇಕೆರೂರಿಗೆ ತಿರುಗ್ಯಾರ, ಒಂದು ಸಲ ಮರಣದ ದಾಖಲೆ, ಒಂದು ಸಲ ವಾರಸಾ, ಒಂದು ಸಲ ಸಾಕ್ಷಿ. ನೀವು ಆವಾಗ ಟ್ರ್ಯಾಕ್ಟರ್ ಹೊಡಕೊಂತ ಊರೂರು ಇದ್ರಿ, ಹುಡುಗ ಚಿಂತಿ ಮಾಡ್ತಾನಂತ ನಿಮಗ ಹೇಳಲೇ ಇಲ್ಲಂತ. ಸಾಯೋದು ಬಾಯಿಲೆ ಅಂದ್ರೂ ಬರತೈತಿ, ಅನ್ನದಿದ್ರೂ ಬರತೈತಿ. ನಾಳೆ ನನಗ ಏನರ ಆದ್ರ ನೀವು ಅಲಿಯೋದು ಬ್ಯಾಡ, ನಿಮಗ ಆದ್ರ ನಾ ಅಲಿಯಾಕೂ ಒಲ್ಲೆ. ಇದನ್ನ ಅಪಶಕುನ ಅಂತ ನೀವು ತಿಳಕೊಂಡ್ರ ಬ್ಯಾರೆ ಮಾತ ಇಲ್ಲ.

ಫಾರ್ಮಿನ್ಯಾಗ ‘ಒಬ್ಬರು ಅಥವಾ ಬದುಕಿ ಉಳಿದವರು’ ಅನ್ನೋದಕ್ಕ ನಾನ ಟಿಕ್ ಹಾಕೇನಿ, ನನ್ನ ಸಹಿನೂ ಆಗೈತಿ. ಅದರ ಕೆಳಗ ಪೆನ್ಸಿಲಿಲೆ ಗುರ್ತು ಮಾಡಿದಲ್ಲಿ ನೀವು ಮಾಡ್ರಿ. ಬ್ಯಾಂಕಿನ್ಯಾಗ ಮಾಡಿದಂಗ ಇರಲಿ, ಹೊಸಾ ಸುರಳಿ ಬಿಡಾಕ ಹೋಗಬ್ಯಾಡ್ರಿ. ಸ್ಪೀಡ್ ಪೋಸ್ಟಿಗೆ ಹಾಕ್ರಿ. ನುಜಹತ ಡಿಸೆಂಬರ್ ಒಂಬತ್ತರತನಕಾ ಕಾಯ್ತಾಳ, ಆಮ್ಯಾಲೆ ತಿಳವಳ್ಳಿ ಗಿರಾಕಿಗೆ ಕೊಡ್ತಾಳ. ಯಾರ ಕಡಿಂದರ ಕೈಗಡ ತಗೊಂಡು ಕೊಟ್ಟಿರು ಅಂತ ಹೇಳಿ ಕಳಸಬ್ಯಾಡ್ರಿ, ನನ್ನ ರೊಕ್ಕ ನನ್ನ ಹೆಸರಿಲೆ ಇರಬೇಕಾರ ನಾ ಯಾರ ಬಾಗಿಲಿಗೂ ಹೋಗಂಗಿಲ್ಲ.

ಸಿಟ್ಟು ಖರೇ ಐತಿ, ಆದ್ರ ಅದಕ್ಕಂತ ಉಪಾಸ ಬೀಳಬ್ಯಾಡ್ರಿ. ಮೈಲಾರಪ್ಪಗ ಶರಣು ತಿಳಸ್ರಿ. ಅತ್ತಿಯವರ ಆಶೀರ್ವಾದ ನಿಮಗ ಎಂದಿನಂಗ ಐತಿ, ಅವರಿಗೆ ಬ್ಯಾರೆ ಬರೂದಿಲ್ಲ.

ಇಂತಿ,
ಖಾತೆದಾಗ ಎರಡನೇ ಹೆಸರಿನಾಕಿ
ಶೈಲಾ

ತಾ.ಕ.: ಪೋಸ್ಟ್ ಆಫೀಸ್ ಮುಚ್ಚೂ ಹೊತ್ತಾತು, ಅವಸರದಾಗ ಬರೀತೇನಿ. ಫಾರ್ಮಿನ ಮೂಲ್ಯಾಗ ಕುಂಕುಮದ ಬಟ್ಟ ಐತಿ, ಹೊಲಸಾಗೈತೆಂತ ಒರಸಬ್ಯಾಡ್ರಿ, ನಡೀತೈತಿ ಅಂತ ಮೇಡಂ ಫೋನಿನ್ಯಾಗ ಹೇಳ್ಯಾರ. ಅದು ನಾ ಹಚ್ಚಿದ್ದಲ್ಲ. ಭರಣಿ ತಗದು ಅತ್ತಿಯವರ ಮುಂದ ಹಿಡದು, ಈ ಸಲ ನೀವ ಹಚ್ಚರಿ ಅಂದೆ. ಹನ್ನೊಂದು ವರ್ಷದ ಮ್ಯಾಲೆ ಭರಣಿಗೆ ಕೈ ಹಾಕಿದ್ರು. ಬಟ್ಟ ಸೊಟ್ಟ ಆಗೈತಿ. ಅದನ್ನ ಮೊದಲ ನೋಡ್ರಿ, ಆಮ್ಯಾಲೆ ಸಹಿ ಮಾಡ್ರಿ.