ದಾಪೋಡಿ ಸೇತುವೆಯ ಆಡು

ಓಂ ನಮಃ ಶಿವಾಯ

ರವಿವಾರ ಪೇಟೆ, ಪುಣೆ
ಮಂಗಳವಾರ, ತಾ. ೮ ಮಾರ್ಚ್ ೧೯೩೮

ನನ್ನ ಹೊಟ್ಟೆಯ ಬಂಗಾರ, ಚಿ. ಸೌ. ಗೌರಾಬಾಯಿಗೆ ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ಲಕೋಟೆ ಒಡೆದ ಕೂಡಲೇ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಉಂಡು ಉಟ್ಟು ಇದ್ದೇವೆ. ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ. ನಿಮ್ಮ ಲೋಣಾವಳಾ ಸ್ಟೇಷನ್ನಿನ ಎದುರು ಹೋಟೆಲು ಇಟ್ಟಿದ್ದಾರಲ್ಲ ಲೀಲಾಕ್ಷಿಬಾಯಿ, ಅವರು ನಾಳೆ ಬೆಳಗಿನ ಗಾಡಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ. ಟಪಾಲಿನಲ್ಲಿ ಬಂದರೆ ನಿನ್ನ ಗಂಡ ಮಲಕಪ್ಪ ಒಡೆದು, ನಿನ್ನ ಅತ್ತೆ ಬಸವಣ್ಣೆವ್ವನವರ ಮುಂದೆ ಗಟ್ಟಿಯಾಗಿ ಓದುತ್ತಾನೆ. ತಪ್ಪೇನಲ್ಲ ಬಿಡು, ಅದು ಆ ಮನೆಯ ರೂಢಿ. ಆದರೆ ಇದು ನೀನೊಬ್ಬಳೇ ಓದಬೇಕಾದ ಪತ್ರ.

ಮೊದಲು ಸೋಮವಾರದ ಮಾತು ಮುಗಿಸುತ್ತೇನೆ. ನಿನಗೆ ಏಳು ತಿಂಗಳು ತುಂಬಿತು. ಹೋಳಿ ಹುಣ್ಣಿಮೆಗೆ ಎರಡು ದಿನ ಮುಂಚೆ ಬಂದು, ಕುಬುಸ ತೊಡಿಸಿ, ಉಡಿ ತುಂಬಿ, ಅವತ್ತೇ ನಿನ್ನನ್ನು ಹೆರಿಗೆಗೆ ಕರೆದುಕೊಂಡು ಬರುವುದೆಂದು ಬೀಗರ ಜೊತೆ ಮಾತಾಗಿದೆಯಷ್ಟೆ. ನಿಮ್ಮ ಅಪ್ಪ ಎಲ್ಲವನ್ನೂ ಗೊತ್ತು ಮಾಡಿ ಇಟ್ಟಿದ್ದಾರೆ. ಬೆಳಿಗ್ಗೆ ಆರಕ್ಕೆ ಸಾವಕಾರ ಸಿದ್ರಾಮಪ್ಪನವರ ಮೋಟಾರಿನಲ್ಲಿ ಇಲ್ಲಿಂದ ಬಿಡುವುದು. ಖಡಕಿ, ದಾಪೋಡಿ ಸೇತುವೆ, ಚಿಂಚವಾಡ. ತಳೇಗಾವದಲ್ಲಿ ಇಂಜಿನ್ನಿಗೆ ನೀರು, ನಮಗೆ ಚಹಾ. ಕಾಮಶೇತದ ಏರು ಹತ್ತಿ ಇಳಿದು ಒಂಬತ್ತಕ್ಕೆ ನಿಮ್ಮ ಬಾಗಿಲು. ಎಲ್ಲ ಸೇರಿ ನಾಲ್ವತ್ತು ಮೈಲಿ. ಸಾವಕಾರರು ದೀಪಾವಳಿಯಿಂದ ಸೊಲ್ಲಾಪುರದಲ್ಲೇ ಇದ್ದಾರೆ, ಬರುವುದು ಯುಗಾದಿಗೆ. ಮೋಟಾರು ನಿಂತಲ್ಲೇ ಕೆಡಬಾರದು, ವಾರಕ್ಕೊಮ್ಮೆ ಓಡಿಸಿಡು ಅಂತ ಹೇಳಿ ಹೋಗಿದ್ದಾರೆ. ಮಗಳ ಕುಬುಸಕ್ಕೆ ಧಾರಾಳವಾಗಿ ಒಯ್ಯಿ ಅಂತ ಕಾರ್ಡನ್ನೂ ಹಾಕಿದ್ದಾರೆ.

ಬುತ್ತಿಗೆ ಎಳ್ಳು ಹಚ್ಚಿದ ರೊಟ್ಟಿ, ಕರಿಗಡಬು, ಶೇಂಗಾ ಹೋಳಿಗೆ. ಉಡಿಗೆ ಹಸಿರು ಇಳಕಲ್ ಸೀರೆ, ಕುಬುಸಕ್ಕೆ ಗುಳೇದಗುಡ್ಡದ ಖಣ ಎರಡು. ಎರಡನೆಯ ಖಣ ಯಾರಿಗೆ ಅಂತ ಅಪ್ಪ ಕೇಳಿದರು, ಬೀಗಿತಿಗೆ ಅಂದೆ. ಅದು ಬೀಗಿತಿಗಲ್ಲ. ಮುಂದೆ ಹೇಳುತ್ತೇನೆ.

ನಿಮ್ಮ ಅಪ್ಪನ ಹುಮ್ಮಸ್ಸು ನೋಡಿದರೆ ಕುಬುಸ ನಿನ್ನದೋ ಅವರದೋ ಅನ್ನಬೇಕು! ಸಾವಕಾರರ ನಾಲ್ಕು ಹೆಣ್ಣುಮಕ್ಕಳನ್ನೂ ಚೊಚ್ಚಲು ಬಾಣಂತನಕ್ಕೆ ಕರೆತಂದ ಡ್ರೈವರು ಇವರೇ. ಹಿಂದಿನ ಸೀಟಿಗೆ ಲೋಡು, ದಿಂಬು, ಕಿಟಕಿಗೆ ಪರದೆ. ಒಬ್ಬೊಬ್ಬಳನ್ನು ಇಳಿಸಿ ಮನೆಗೆ ಬಂದಾಗಲೂ ನಿನ್ನ ತೊಟ್ಟಿಲಿನ ಮುಂದೆ ನಿಂತು, ನಮ್ಮ ಗೌರಾನೂ ಒಂದಿನ ಹಿಂಗ ಹಿಂದಿನ ಸೀಟಿನ್ಯಾಗ ಕುಂತು ಬರತಾಳ ನೋಡು ಅನ್ನುತ್ತಿದ್ದರು. ನೀನು ತೊಟ್ಟಿಲು ಬಿಟ್ಟ ಮೇಲೂ ಅದೇ ಮಾತು. ಈಗ ದಿನಾ ಮಧ್ಯಾಹ್ನ ಹೋಗಿ ಆ ಸೀಟು ಒರೆಸಿ ಬರುತ್ತಾರೆ.

ಗೌರಾ, ನೀನು ಆ ಮೋಟಾರು ಹತ್ತಬಾರದು.

ಈ ಪತ್ರ ಕೈಗೆ ಬಂದ ದಿನವೇ ಅಪ್ಪನ ಹೆಸರಿಗೆ ಒಂದು ಕಾರ್ಡು ಹಾಕು. ಬಸುರಿ ಹೆಂಗಸಿಗೆ ಮೋಟಾರಿನ ಕುಲುಕಾಟ ಬ್ಯಾಡ, ರೈಲಿನ್ಯಾಗ ಒಯ್ಯಲಿ ಅಂತ ಅತ್ತಿಯವರು ಹಟ ಹಿಡದಾರ ಅಂತ ಬರಿ. ಬೀಗರ ಮಾತನ್ನು ಅಪ್ಪ ಮೀರುವವರಲ್ಲ. ಪಾಪ, ಬಸವಣ್ಣೆವ್ವನವರು ಹಾಗೆ ಅಂದೇ ಇಲ್ಲ. ಆಡದ ಮಾತನ್ನು ಅವರ ಬಾಯಿಗೆ ಹಾಕುತ್ತಿದ್ದೇನೆ, ಶಿವ ನನ್ನನ್ನು ನೋಡಿಕೊಳ್ಳಲಿ.

ಯಾಕೆ ಅಂತ ಕೇಳುತ್ತೀ. ಯಾಕೆ ಅಂತ ಕೇಳದೆ ನೀನು ಒಂದು ತುತ್ತನ್ನೂ ನುಂಗಿದವಳಲ್ಲ.

ನಿಮ್ಮ ಅಪ್ಪನ ಕಣ್ಣು ಹೋಗುತ್ತಿವೆ. ದೀಪಾವಳಿಯ ಪಾಡ್ಯದ ದಿನ ಪಕ್ಕದಲ್ಲೇ ಇಟ್ಟ ಹಣತೆಯನ್ನು ಒದ್ದು ಕೆಡವಿದರು. ನಾನು ಬೈದೆ, ಕಣ್ಣು ಎಲ್ಲಿ ಇಟ್ಟೀರಿ ಅಂತ. ಆಗ ಹೇಳಿದರು. ಎದುರಿಗೆ ಇದ್ದದ್ದು ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತದಂತೆ, ಅದೂ ಮಸುಕು. ಆಚೆ ಈಚೆ ಏನೂ ಇಲ್ಲವಂತೆ. ಕ್ಯಾಂಪಿನ ಡಾಕ್ಟರರು ನರ ಒಣಗಿವೆ, ಹೋದದ್ದು ತಿರುಗಿ ಬರುವುದಿಲ್ಲ ಅಂದರು. ಬರೆಯಲು ಕೂತರೆ ಸಾಲು ತಪ್ಪುತ್ತದೆ. ಅಪ್ಪನ ಅಕ್ಷರ ಯಾಕ ಇಷ್ಟು ಸೊಟ್ಟ ಆಗ್ಯಾವ ಅಂತ ನೀನು ಸಂಕ್ರಾಂತಿಗೆ ಬರೆದಿದ್ದೆಯಲ್ಲ, ದೀಪಾವಳಿಯಿಂದ ಅವರ ಹೆಸರಿನಲ್ಲಿ ಬಂದ ಪತ್ರಗಳೆಲ್ಲ ನಾನು ಬರೆದವು. ವಿಜಾಪುರದ ಮಠದ ಶಾಲೆಯಲ್ಲಿ ಮೂರನೇ ಇಯತ್ತೆ ಕಲಿತ ಕೈ ಇದು, ಸೊಟ್ಟ ಆಗದೆ ಏನಾದೀತು?

ಸಾವಕಾರರಿಗೆ ತಿಳಿಸಲಿಲ್ಲ. ತಿಳಿಸಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಅವರ ವಾಡೆಯ ಹಿಂದಿನ ಈ ಎರಡು ಕೋಣೆಗಳೂ ಹೋಗುತ್ತವೆ. ನಿನ್ನ ಬಾಣಂತನ ಎಲ್ಲಿ ಮಾಡಲಿ? ಅದಕ್ಕೆ ಒಂದು ಹುಚ್ಚು ಉಪಾಯ ಮಾಡಿದೆವು. ವಾರಕ್ಕೊಮ್ಮೆ ಮೋಟಾರು ತೆಗೆಯುವಾಗ ನಾನು ಮುಂದಿನ ಸೀಟಿನಲ್ಲಿ ಅವರ ಮಗ್ಗುಲಿಗೆ ಕೂಡುವುದು. ನಟ್ಟ ನಡುವಿನದು ನಂದು, ಎಡಾ ಬಲಾ ಎರಡೂ ನಿಂದು ಅಂದರು. ಚಕ್ಕಡಿ ಬಂತ್ರಿ ಎಡಕ್ಕ, ಸೈಕಲ್ ಬಂತ್ರಿ ಬಲಕ್ಕ, ಮುದುಕ ನಿಂತಾನ್ರಿ, ಈಗ ಸರದ್ರಿ, ನಡೀರಿ. ನಾನು ಅಂದಂತೆ ಚಕ್ರ ತಿರುಗುತ್ತಿತ್ತು.

ಹೇಳಬಾರದು, ಆದರೂ ಹೇಳುತ್ತೇನೆ. ನನಗೆ ಭಾಳ ಖುಷಿಯಾಗಿತ್ತು ಗೌರಾ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಆ ಮೋಟಾರಿನ ಒಳಗೆ ನಾನು ಕಾಲಿಟ್ಟವಳಲ್ಲ, ಹೊರಗೆ ನಿಂತು ಬುತ್ತಿ ಕೊಟ್ಟವಳು. ಈಗ ಸೆರಗು ಹೊದ್ದು ಮುಂದೆ ಕೂತರೆ ಪೇಟೆಯ ಹೆಂಗಸರು ನಿಂತು ನೋಡುತ್ತಿದ್ದರು. ಗಂಡನ ಕಣ್ಣು ಹೋದ ದುಃಖ ಒಂದು ಕಡೆ, ಈ ಮೆರವಣಿಗೆ ಒಂದು ಕಡೆ. ವಾರ ಯಾವಾಗ ಬಂದೀತು ಅಂತ ಕಾಯುತ್ತಿದ್ದೆ. ಲೋಣಾವಳಾಕ್ಕೂ ಹೀಗೇ ಹೋಗಿ ಬರೋಣ ಅಂತ ಮೊದಲು ಬಾಯಿ ಬಿಟ್ಟವಳು ನಾನೇ. ಅಪ್ಪ ಮರುದಿನ ಹೂಂ ಅಂದರು.

ಶಿವರಾತ್ರಿಯ ಹಿಂದಿನ ವಾರ, ದಾರಿ ರೂಢಿಯಾಗಲಿ ಅಂತ ಚಿಂಚವಾಡದವರೆಗೆ ಹೋಗಿ ತಿರುಗಿ ಬರುತ್ತಿದ್ದೆವು. ದಾಪೋಡಿ ಸೇತುವೆಯ ಮೇಲೆ ಒಂದು ಆಡು ಅಡ್ಡ ಬಂತು. ನಾನು ನೋಡಿ ಹೇಳುವುದರೊಳಗೆ ತಗಲಿಬಿಟ್ಟಿತು. ಆಡು ಎದ್ದು ಓಡಿತು. ಆದರೂ ಅವತ್ತಿನಿಂದ ನನಗೆ ಧೈರ್ಯ ಸಾಲದು. ಅದಕ್ಕೆ ನೀನು ರೈಲಿನಲ್ಲಿ ಬಾ. ಇಷ್ಟೇ ವಿಷಯ.

ಹಾಲಿನವನು ಬಂದಿದ್ದ, ಎದ್ದು ಹೋಗಿ ಬಂದೆ. ಹಾಲು ಒಲೆಯ ಮೇಲಿಟ್ಟು ಮತ್ತೆ ಕೂತಿದ್ದೇನೆ. ಮೇಲಿನ ಸಾಲು ಓದಿದೆ. ಕಾಟು ಹಾಕಿ ಬೇರೆ ಬರೆಯೋಣ ಅಂದರೆ ಕೈ ಬರುವುದಿಲ್ಲ, ಇರಲಿ, ನಿನ್ನ ಅವ್ವ ಎಂಥವಳು ಅಂತ ನಿನಗೂ ಗೊತ್ತಾಗಲಿ.

ಅದು ಆಡಲ್ಲ.

ನಿನ್ನ ವಯಸ್ಸಿನ ಹೆಣ್ಣುಮಗಳು. ತಲೆಯ ಮೇಲೆ ಮೆಂತ್ಯದ ಸೊಪ್ಪಿನ ಬುಟ್ಟಿ, ಎಡಬದಿಗೆ, ನನ್ನ ಬದಿಗೇ ನಡೆದು ಹೊರಟಿದ್ದಳು. ನಾನು ನೋಡಬೇಕಾದ ಬದಿ. ನಾನು ಎಲ್ಲಿ ನೋಡುತ್ತಿದ್ದೆ ಗೊತ್ತೇನು? ಕೆಳಗೆ ನದಿಯ ದಂಡೆಯಲ್ಲಿ ಯಾರೋ ಸೀರೆ ಒಣಗಹಾಕಿದ್ದರು. ಅದರಲ್ಲಿ ಒಂದು ಹಸಿರು. ಆಹಾ, ನಮ್ಮ ಗೌರಾಗೆ ಕುಬುಸಕ್ಕೆ ಇಂಥ ಹಸಿರೇ ತರಬೇಕು ಅಂತ ಕುತ್ತಿಗೆ ಹೊರಳಿಸಿ ನೋಡುತ್ತಿದ್ದೆ. ಧಡ್ ಅಂತು. ಅಪ್ಪ ಗಕ್ಕನೆ ನಿಲ್ಲಿಸಿ, ಏನಾತು, ಯಾರಿಗೆ ಬಡೀತು ಅಂದರು. ನನ್ನ ಬಾಯಿಂದ ಆಡು ಅಂತ ಬಂತು. ಆಡ್ರೀ, ಎದ್ದು ಓಡಿತು, ನಡೀರಿ, ನಡೀರಿ ಅಂದೆ. ಅವರು ನಡೆಸಿದರು. ನಾನು ತಿರುಗಿ ನೋಡಿದೆ. ಆಕೆ ಮೊಣಕಾಲು ಹಿಡಿದುಕೊಂಡು ದಾರಿಯ ಮೇಲೆ ಕೂತಿದ್ದಳು. ಸೊಪ್ಪು ಚೆಲ್ಲಾಪಿಲ್ಲಿ. ಇಬ್ಬರು ಅವಳ ಕಡೆಗೆ ಓಡುತ್ತಿದ್ದರು. ಅಷ್ಟು ನೋಡಿದೆ, ಮೋಟಾರು ತಿರುವಿಗೆ ಬಂತು.

ಅವಳು ಎದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೆಸರು ಗೊತ್ತಿಲ್ಲ. ಶಿವರಾತ್ರಿಯ ದಿನ ಅಂಗೈಯಲ್ಲಿ ಲಿಂಗ ಹಿಡಿದು ಕೂತೆ, ಪತ್ರಿ ಏರಿಸಲು ಹೋದರೆ ಆ ಮೆಂತ್ಯದ ಸೊಪ್ಪೇ ಕಣ್ಣಿಗೆ ಬರುತ್ತದೆ. ನಿನಗೆ ಹಸಿರು ಸೀರೆ ತಂದೆ, ತಂದಾಗಿನಿಂದ ಪೆಟ್ಟಿಗೆ ತೆಗೆದಿಲ್ಲ. ಎರಡನೆಯ ಖಣ ಅವಳಿಗೆ ಅಂತ ತಂದದ್ದು. ಹೇಗೆ ಮುಟ್ಟಿಸುತ್ತೇನೋ, ಯಾವ ಮುಖ ಹೊತ್ತು ಹೋಗುತ್ತೇನೋ, ಅದೂ ಗೊತ್ತಿಲ್ಲ.

ನಿಮ್ಮ ಅಪ್ಪ ಈಗಲೂ ಅದು ಆಡು ಅಂತಲೇ ನಂಬಿದ್ದಾರೆ. ನಂಬಿ, ಸೋಮವಾರದ ದಾರಿಯನ್ನು ಬೆರಳು ಮಡಚಿ ಎಣಿಸುತ್ತಾರೆ. ನಿಜ ಹೇಳಿದರೆ ಅವರು ಮತ್ತೆ ಚಕ್ರ ಹಿಡಿಯುವುದಿಲ್ಲ, ನನಗೆ ಗೊತ್ತು. ಮೋಟಾರು ಇಲ್ಲದ ಅಪ್ಪನನ್ನು ನಾನು ಕಂಡೇ ಇಲ್ಲ ಗೌರಾ, ಅದಕ್ಕೇ ಹೆದರುತ್ತೇನೆ. ಅವರಿಗೆ ಹೇಳುವ ಎದೆಗಾರಿಕೆ ನನಗಿಲ್ಲ, ಅವರನ್ನು ನಿಲ್ಲಿಸುವ ಎದೆಗಾರಿಕೆಯೂ ಇಲ್ಲ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡ ನಿನ್ನ ಮೇಲೆ ಹೊರಿಸುತ್ತಿದ್ದೇನೆ. ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ: ಕಾರ್ಡು ಹಾಕು, ಅತ್ತೆಯ ಹೆಸರು ಹೇಳು, ಮೋಟಾರು ಬಾಗಿಲಿಗೆ ಬಂದರೂ ಹತ್ತಬೇಡ. ಅಪ್ಪ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಓದಿ ಒಲೆಗೆ ಹಾಕಿಬಿಡು.

ಭಾರ ಎತ್ತಬೇಡ, ಹುಳಿ ಹೆಚ್ಚು ತಿನ್ನಬೇಡ, ಮಧ್ಯಾಹ್ನ ಎಡಮಗ್ಗುಲಿಗೆ ಮಲಗು.

ನಿನ್ನ ದಾರಿ ಕಾಯುವ, ನಿನ್ನ ಕ್ಷಮೆಯನ್ನೂ ಕಾಯುವ
ಅವ್ವ, ಶಿವಗಂಗವ್ವ

ತಾ. ಕ. : ಲಕೋಟೆ ಅಂಟಿಸುವುದರೊಳಗೆ ಆದದ್ದನ್ನು ಬರೆಯುತ್ತೇನೆ. ಅಪ್ಪ ಪಡಸಾಲೆಯಲ್ಲಿ ನಿದ್ದೆ ಮಾಡುತ್ತಿದ್ದಾರೆ ಅಂತ ತಿಳಿದಿದ್ದೆ. ಎದ್ದು ಬಂದು ಎದುರಿಗೆ ಕೂತು, ಮಗಳಿಗೆ ಏನು ಬರದಿ, ಓದು ಅಂದರು. ಸೋಮವಾರದ ಮಾತು, ಬುತ್ತಿ, ಸೀರೆ, ಅಷ್ಟನ್ನು ಓದಿ ಮಡಚಿದೆ. ಅವರು ಕೂತಲ್ಲಿಂದ ಏಳಲಿಲ್ಲ. ಕಾಗದದ ಮ್ಯಾಲೆ ಟಾಕು ಎರಡು ತಾಸು ಕರಕರ ಅಂತು, ನೀ ಓದಿದ್ದು ನಾಕು ಸಾಲು, ಉಳಿದದ್ದು ಓದು ಅಂದರು. ನನಗೆ ಅಳು ಬಂತು. ಆಮೇಲೆ ಓದಿದೆ, ಒಂದು ಅಕ್ಷರ ಬಿಡದೆ ಓದಿದೆ.

ಆಮೇಲೆ, ಆಡು ಆಯೀ ಗ ಅಂತ ಅವ್ವನ್ನ ಕರದು ಒದರೂದಿಲ್ಲ ಗಂಗಾ, ನಾ ಆವತ್ತೇ ಕೇಳೀನಿ ಅಂದರು. ಕೇಳೀರಿ ಅಂದ್ರ ಯಾಕ ನಿಲ್ಲಲಿಲ್ರಿ ಅಂದೆ. ನೀ ನಡೀರಿ ಅಂದಿ, ನನಗೂ ಹಂಗ ಅನ್ನೋರು ಒಬ್ಬರು ಬೇಕಾಗಿತ್ತು ಅಂದರು. ಹದಿನೈದು ದಿನ ಒಂದೇ ಕೋಣೆಯಲ್ಲಿ ಉಂಡು ಮಲಗಿ, ಅವರು ನನ್ನಿಂದ ಮುಚ್ಚಿದರು, ನಾನು ಅವರಿಂದ ಮುಚ್ಚಿದೆ.

ಕಾರ್ಡು ಹಾಕಬೇಡ, ಅತ್ತೆಯ ಹೆಸರೂ ಬೇಡ. ಸೋಮವಾರ ನಾವು ರೈಲಿನಲ್ಲೇ ಬರುತ್ತೇವೆ. ಅದಕ್ಕೂ ಮುಂಚೆ ನಾಳೆ ಬೆಳಿಗ್ಗೆ ಇಬ್ಬರೂ ದಾಪೋಡಿಗೆ ಹೋಗಿ, ಸೇತುವೆಯ ಹತ್ತಿರ ಮನೆ ಮನೆ ಕೇಳಿ ಆಕೆಯನ್ನು ಹುಡುಕುತ್ತೇವೆ. ಖಣ ತೆಗೆದಿಟ್ಟಿದ್ದೇನೆ. ಆಕೆಯ ಮನೆಯವರು ಏನು ಅಂದರೂ ಅನ್ನಿಸಿಕೊಂಡು ಬರುತ್ತೇವೆ. ಮಗಳ ಪತ್ರ ಮುಗಿದ ಕೂಡಲೇ ಸಾವಕಾರರಿಗೆ ಸೊಲ್ಲಾಪುರಕ್ಕೆ ಒಂದು ಬರಿ, ಅದರಾಗ ಮಾತ್ರ ಆಡು ಅಂತ ಬರೀಬ್ಯಾಡ ಅಂತ ಅಪ್ಪ ನನಗೆ ಹೇಳಿದ್ದಾರೆ. ಮನೆ ಇರುತ್ತದೋ ಬಿಡುತ್ತದೋ, ನಿನ್ನ ಬಾಣಂತನಕ್ಕೆ ಒಂದು ಮೂಲೆಯನ್ನು ಹೇಗಾದರೂ ಮಾಡುತ್ತೇನೆ.

ಕೆಳಗೆ ನನ್ನ ಸಾಲಿನ ಮೇಲೆ ಹತ್ತಿ ಹೋಗಿರುವ ಅಕ್ಷರ ಅಪ್ಪನದು. ನಾನು ಬರೆಯುತ್ತೇನೆ ಅಂದರೆ ಟಾಕು ಕಸಿದುಕೊಂಡರು.

ಗೌರಾ, ಹಿಂದಿನ ಸೀಟು ನಿನ್ನೆಯೂ ಒರೆಸಿದ್ದೆ. ರೈಲಿಗೇ ಬಾ ಮಗಳೇ. ಅಪ್ಪ.